‘ಕ’ ಎಂಬ ಒಂದಕ್ಷರದ ಹಲವು ಅರ್ಥಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಣಮಾಲೆಯ ಮೊದಲ ವ್ಯಂಜನವಾದ ‘ಕ’ ಕನ್ನಡದ ಓದುಗರಿಗೆ ಬೇರೆ ಬೇರೆ ವೇಷಗಳಲ್ಲಿ ಎದುರಾಗುತ್ತದೆ. ‘ಕಂಜನಾಭ’ ಎಂಬ ಹೆಸರಿನಲ್ಲಿ ಅದು ನೀರು. ಕರ್ನಾಟಕ ಸಂಗೀತದ ಮೇಳಕರ್ತ, ಅಂದರೆ ಮೂಲ ರಾಗದ ಹೆಸರಿನಲ್ಲಿ ಒಂದು ಎಂಬ ಅಂಕಿ. ಸಂಸ್ಕೃತ ವೈಯಾಕರಣ ಪಾಣಿನಿಯ ಸೂತ್ರದಲ್ಲಿ ಉಚ್ಚಾರಣೆಗೇ ಬಾರದ ಒಂದು ಗುರುತು. ಪಂಚಾಂಗದಲ್ಲಿ ಮೃಗಶಿರಾ ನಕ್ಷತ್ರದ ಒಂದು ಪಾದ. ಈ ಅರ್ಥಗಳನ್ನು ಒಂದರೊಡನೊಂದು ಬೆರೆಸಿ ಗೊಂದಲ ಮಾಡಿಕೊಳ್ಳುವುದೂ, ಬೆರಕೆಯಿಂದ ಹುಟ್ಟಿದ ಗೊಂದಲವನ್ನೇ ರಹಸ್ಯವೆಂದು ಹಂಚುವುದೂ ಸಾಮಾನ್ಯವಾಗಿರುವುದರಿಂದ, ಓದುಗರು ಮೇಲಿಂದ ಮೇಲೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದೆ.

ಒಂದೇ ಅಕ್ಷರಕ್ಕೆ ನಿಜವಾಗಿಯೂ ಅರ್ಥವಿರುತ್ತದೆಯೇ?

ಅಕ್ಷರವೆಂಬ ಕಾರಣಕ್ಕೆ ಇರುವುದಿಲ್ಲ. ಆ ಅಕ್ಷರವೇ ಒಂದು ಪದವಾಗಿದ್ದರೆ ಇರುತ್ತದೆ. ಕನ್ನಡದಲ್ಲಿ ಆ, ಈ, ಬಾ, ತಾ, ಪೂ, ಮೀ ಎಂಬಂತಹ ಒಂದಕ್ಷರದ ಪದಗಳು ಬೇಕಾದಷ್ಟಿವೆ, ಅವುಗಳಲ್ಲಿ ಯಾರಿಗೂ ಯಾವ ರಹಸ್ಯವೂ ಕಾಣುವುದಿಲ್ಲ. ಹ್ರಸ್ವವಾದ ‘ಕ’ ಮಾತ್ರ ಅಚ್ಚಗನ್ನಡದಲ್ಲಿ ಸ್ವತಂತ್ರ ಪದವಲ್ಲ. ದೀರ್ಘವಾದ ‘ಕಾ’ಕ್ಕೆ ಕಾಪಾಡು, ಕಾವಲಿರು ಎಂಬ ಅರ್ಥವಿದ್ದು, ಕಾಪು, ಕಾವಲು, ಕಾಯು ಎಂಬ ಮಾತುಗಳೆಲ್ಲ ಅದಕ್ಕೆ ಸೇರಿದವು. ‘ಕ’ ಎಂದರೆ ಬ್ರಹ್ಮ, ನೀರು, ತಲೆ ಎಂದು ನಿಘಂಟುಗಳಲ್ಲಿ ಕಾಣುವುದು ಸಂಸ್ಕೃತದಿಂದ ಬಂದ ಬೇರೊಂದು ಪದ. ಈ ಎರಡನ್ನು ಮೊದಲೇ ಬಿಡಿಸಿಟ್ಟುಕೊಂಡರೆ ಮುಂದಿನ ಅರ್ಧ ಗೊಂದಲ ಹುಟ್ಟುವುದೇ ಇಲ್ಲ.

ಹಾಗಾದರೆ ನಿಘಂಟುಗಳ ಪ್ರಕಾರ ‘ಕ’ ಎಂದರೆ ಏನು?

ಅಮರಸಿಂಹನ ಸಂಸ್ಕೃತ ನಿಘಂಟಾದ ಅಮರಕೋಶದಲ್ಲಿ, ಹಲವು ಅರ್ಥಗಳುಳ್ಳ ಪದಗಳ ನಾನಾರ್ಥವರ್ಗದಲ್ಲಿ, ಅರ್ಧ ಶ್ಲೋಕದೊಳಗೆ ಇದಕ್ಕೆ ಉತ್ತರವಿದೆ: ‘ಮಾರುತೇ ವೇಧಸಿ ಬ್ರಧ್ನೇ ಪುಂಸಿ ಕಃ ಕಂ ಶಿರೋಽಂಬುನೋಃ’. ಪುಲ್ಲಿಂಗದಲ್ಲಿ ‘ಕಃ’ ಎಂದಾಗ ಗಾಳಿ, ಬ್ರಹ್ಮ, ಸೂರ್ಯ ಎಂಬ ಅರ್ಥಗಳು. ನಪುಂಸಕಲಿಂಗದಲ್ಲಿ ‘ಕಂ’ ಎಂದಾಗ ತಲೆ ಮತ್ತು ನೀರು. ‘ಕಂ’ ಎಂಬುದಕ್ಕೆ ಸುಖವೆಂಬ ಅರ್ಥವನ್ನೂ ಉಳಿದ ಕೋಶಗಳು ಸೇರಿಸುತ್ತವೆ. ಇಲ್ಲಿ ಗಮನಿಸಬೇಕಾದದ್ದು ಲಿಂಗ. ಅರ್ಥಗಳ ಪಟ್ಟಿಯನ್ನು ಮಾತ್ರ ನಕಲು ಮಾಡಿ ಲಿಂಗವನ್ನು ಕೈಬಿಟ್ಟವರು ‘ಕ ಎಂದರೆ ನೀರೂ ಹೌದು, ಸೂರ್ಯನೂ ಹೌದು, ಆದ್ದರಿಂದ ನೀರು ಬೆಂಕಿ ಎರಡೂ ಇದರಲ್ಲಿ ಅಡಗಿವೆ’ ಎಂದು ಬರೆಯುವುದುಂಟು. ಅಮರಸಿಂಹನಾದರೋ ಅವೆರಡನ್ನು ಎರಡು ಬೇರೆ ರೂಪಗಳಿಗೆ ಹಂಚಿಯೇ ಕೊಟ್ಟಿದ್ದಾನೆ.

ಈ ಅರ್ಥಗಳು ಕನ್ನಡದಲ್ಲಿ ಎಲ್ಲಾದರೂ ಬಳಕೆಯಲ್ಲಿವೆಯೇ?

ಬಿಡಿಯಾಗಿ ಬಹುಮಟ್ಟಿಗೆ ಇಲ್ಲ, ಸಮಾಸಗಳ ಒಳಗೆ ಧಾರಾಳವಾಗಿ ಇವೆ. ‘ಕಂ’ ಅಂದರೆ ನೀರು, ಅದರಲ್ಲಿ ಹುಟ್ಟಿದ್ದು ‘ಕಂಜ’, ಅಂದರೆ ತಾವರೆ. ಅಂಬುಜ, ವಾರಿಜ, ನೀರಜಗಳು ಆದ ಹಾಗೆಯೇ ಇದೂ ಆಯಿತು. ಕಂಜನಾಭ, ಕಂಜಾಕ್ಷ, ಕಂಜದಳ ಎಂಬ ಮಾತುಗಳನ್ನು ಕೀರ್ತನೆಗಳಲ್ಲಿ ಕೇಳಿದವರಿಗೆ ಈ ‘ಕ’ ಹೊಸದಲ್ಲ. ‘ಕಂಧರ’ ಎಂಬ ಪದ ಇನ್ನೂ ಸ್ವಾರಸ್ಯವಾದದ್ದು. ‘ಕಂ’ ಎಂಬುದನ್ನು ತಲೆ ಎಂದು ಹಿಡಿದರೆ ಅದು ತಲೆಯನ್ನು ಹೊತ್ತ ಕೊರಳು, ನೀರು ಎಂದು ಹಿಡಿದರೆ ನೀರನ್ನು ಹೊತ್ತ ಮೋಡ. ಎರಡು ಅರ್ಥಗಳೂ ಕೋಶಗಳಲ್ಲಿವೆ, ಕಾವ್ಯದಲ್ಲಿ ಯಾವುದು ಎಂಬುದು ಸುತ್ತಲಿನ ಮಾತಿನಿಂದ ತೀರ್ಮಾನವಾಗಬೇಕು.

ಸುಖವೆಂಬ ಅರ್ಥಕ್ಕೆ ಒಳ್ಳೆಯ ಸಾಕ್ಷಿ ‘ನಾಕ’. ‘ಅಕ’ ಎಂದರೆ ಸುಖವಲ್ಲದ್ದು, ಅಂದರೆ ದುಃಖ. ಆ ಅಕವೂ ಇಲ್ಲದ ಎಡೆ ನಾಕ, ಅಂದರೆ ಸ್ವರ್ಗ. ಎರಡು ಸಲ ‘ಇಲ್ಲ’ ಎಂದು ಹೇಳಿ ಸುಖಕ್ಕೆ ಹಿಂದಿರುಗುವ ಈ ಪದದಲ್ಲಿ ವ್ಯಾಕರಣದ ಸಾಮಾನ್ಯ ನಿಯಮದಂತೆ ನಿಷೇಧದ ನಕಾರ ಲೋಪವಾಗಬೇಕಿತ್ತು. ಹಾಗಾಗದೆ ಉಳಿಯುವ ಪದಗಳ ಪಟ್ಟಿಯಲ್ಲಿ ಪಾಣಿನಿ ನಾಕವನ್ನು ಹೆಸರು ಹಿಡಿದೇ ಸೇರಿಸಿದ್ದಾನೆ. ಉತ್ತರ ಕರ್ನಾಟಕದ ಮಾತಿನ ‘ನಾಕು’ ಎಂಬ ಸಂಖ್ಯೆಗೂ ಇದಕ್ಕೂ ಯಾವ ನಂಟೂ ಇಲ್ಲ ಎಂಬುದನ್ನು ಹೇಳಬೇಕಾಗಿ ಬಂದಿರುವುದು ಆ ಪ್ರಶ್ನೆಯನ್ನೂ ಕೇಳುವವರಿದ್ದಾರೆಂಬ ಕಾರಣಕ್ಕೆ.

‘ಕೇಶವ’ ಎಂಬ ಹೆಸರಿನಲ್ಲಿಯೂ ‘ಕ’ ಇದೆ ಎಂದು ಒಂದು ವಿವರಣೆಯುಂಟು. ‘ಕ’ ಎಂದರೆ ಬ್ರಹ್ಮ, ‘ಈಶ’ ಎಂದರೆ ಶಿವ, ಇಬ್ಬರೂ ನಿನ್ನ ಅಂಗದಿಂದ ಹುಟ್ಟಿದವರಾದ್ದರಿಂದ ನೀನು ಕೇಶವ ಎಂದು ಶಿವನೇ ಹೇಳುವ ಶ್ಲೋಕ ಹರಿವಂಶದಲ್ಲಿದೆ. ವಿಷ್ಣುಸಹಸ್ರನಾಮದ ಶಾಂಕರಭಾಷ್ಯವೂ ಅದನ್ನು ಎತ್ತಿಕೊಳ್ಳುತ್ತದೆ. ಅದರ ಜೊತೆಗೆ ಸುಂದರವಾದ ಕೇಶವುಳ್ಳವನು, ಕೇಶಿ ಎಂಬ ಅಸುರನನ್ನು ಕೊಂದವನು ಎಂಬ ವಿವರಣೆಗಳೂ ಪರಂಪರೆಯಲ್ಲಿವೆ. ವ್ಯಾಕರಣದ ದೃಷ್ಟಿಯಿಂದ ಕೇಶವುಳ್ಳವನು ಎಂಬುದೇ ನೇರವಾದ ದಾರಿ. ‘ಕ’ ಮತ್ತು ‘ಈಶ’ರನ್ನು ಕಾಣುವುದು ಭಕ್ತಿಯ ಬಿಡಿಸುವಿಕೆ, ಅದನ್ನು ಹಾಗೆಂದೇ ಓದಿಕೊಳ್ಳುವುದು ಒಳ್ಳೆಯದು.

‘ಯಾರು’ ಎಂಬ ಪ್ರಶ್ನೆಯೇ ದೇವರ ಹೆಸರಾಯಿತು ಎಂಬ ಮಾತು ನಿಜವೇ?

ನಿಜ, ಮತ್ತು ಈ ಅಕ್ಷರದ ಕಥೆಯಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದೇ. ಋಗ್ವೇದದ ಹತ್ತನೆಯ ಮಂಡಲದ 121ನೇ ಸೂಕ್ತವನ್ನು ಹಿರಣ್ಯಗರ್ಭಸೂಕ್ತ ಎನ್ನುತ್ತಾರೆ. ಅದರ ಹತ್ತು ಮಂತ್ರಗಳಲ್ಲಿ ಮೊದಲ ಒಂಬತ್ತು ‘ಕಸ್ಮೈ ದೇವಾಯ ಹವಿಷಾ ವಿಧೇಮ’ ಎಂಬ ಪಲ್ಲವಿಯಿಂದ ಮುಗಿಯುತ್ತವೆ. ನೇರವಾಗಿ ಓದಿದರೆ ಅದು ಪ್ರಶ್ನೆ: ಯಾವ ದೇವನಿಗೆ ನಾವು ಹವಿಸ್ಸಿನಿಂದ ಪೂಜೆ ಸಲ್ಲಿಸೋಣ? ಹತ್ತನೆಯ ಮಂತ್ರ ಸೃಷ್ಟಿಕರ್ತನಾದ ಪ್ರಜಾಪತಿಯನ್ನು ಹೆಸರಿಟ್ಟು ಕರೆಯುತ್ತದೆ.

ಮುಂದೆ ಯಜ್ಞವಿಧಿಗಳನ್ನು ವಿವರಿಸುವ ವೇದಭಾಗಗಳಾದ ಬ್ರಾಹ್ಮಣಗ್ರಂಥಗಳ ಕಾಲಕ್ಕೆ ‘ಕ’ ಎಂಬುದು ಪ್ರಜಾಪತಿಯ ಹೆಸರೇ ಆಗಿಬಿಟ್ಟಿತು. ಐತರೇಯ ಬ್ರಾಹ್ಮಣದಲ್ಲಿ ಬರುವ ಕಥೆಯಂತೆ ವೃತ್ರನನ್ನು ಕೊಂದ ಇಂದ್ರನು ಪ್ರಜಾಪತಿಯ ಬಳಿಗೆ ಬಂದು, ನೀನು ಏನಾಗಿದ್ದೀಯೋ ಅದು ನಾನಾಗಬೇಕು, ನೀನು ದೊಡ್ಡವನಾಗಿರುವಂತೆ ನಾನು ದೊಡ್ಡವನಾಗಬೇಕು ಎನ್ನುತ್ತಾನೆ. ಹಾಗಾದರೆ ನಾನು ಯಾರು, ‘ಕೋಽಹಂ’, ಎಂದು ಪ್ರಜಾಪತಿ ಕೇಳುತ್ತಾನೆ. ಈಗ ನೀನು ಹೇಳಿದೆಯಲ್ಲ, ಅದೇ ಆಗು ಎಂದು ಇಂದ್ರ ಉತ್ತರಿಸುತ್ತಾನೆ. ಅಲ್ಲಿಂದ ಪ್ರಜಾಪತಿಗೆ ‘ಕ’ ಎಂಬ ಹೆಸರು ಬಂತು. ತನ್ನ ಹಿರಿಮೆಯನ್ನು ಬಿಟ್ಟುಕೊಟ್ಟವನಿಗೆ ಪ್ರಶ್ನೆಯೊಂದೇ ಉಳಿಯಿತು ಎಂಬ ಈ ಕಥೆಯಲ್ಲಿ ತುಸು ನಗುವೂ ಇದೆಯೆಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ವಿಜಯನಗರದ ಅರಸರ ಆಶ್ರಯದಲ್ಲಿ 14ನೇ ಶತಮಾನದಲ್ಲಿ ವೇದಭಾಷ್ಯ ಬರೆದ ಸಾಯಣಾಚಾರ್ಯನೂ ಈ ಪರಂಪರೆಯನ್ನು ಹಿಡಿದು, ಇಲ್ಲಿಯ ‘ಕ’ ಪ್ರಜಾಪತಿಯೆಂದೇ ಅರ್ಥ ಹೇಳುತ್ತಾನೆ. 19ನೇ ಶತಮಾನದ ಯುರೋಪಿನ ವಿದ್ವಾಂಸರಿಗೆ, ಅದರಲ್ಲೂ ಮ್ಯಾಕ್ಸ್ ಮ್ಯುಲ್ಲರ್‌ಗೆ, ಪ್ರಶ್ನಾರ್ಥಕ ಸರ್ವನಾಮವನ್ನು ದೇವತೆಯಾಗಿಸಿದ್ದು ಹಾಸ್ಯಾಸ್ಪದವಾಗಿ ಕಂಡಿತು. ಆದರೆ ಯಜುರ್ವೇದದ ಹೋಮಮಂತ್ರಗಳಲ್ಲಿ ‘ಕಾಯ ಸ್ವಾಹಾ, ಕಸ್ಮೈ ಸ್ವಾಹಾ’ ಎಂದು ಎರಡೂ ರೂಪಗಳು ಪಕ್ಕಪಕ್ಕದಲ್ಲಿವೆ. ‘ಯಾರಿಗೆ’ ಎಂಬ ಸರ್ವನಾಮಕ್ಕೆ ಚತುರ್ಥಿಯಲ್ಲಿ ‘ಕಸ್ಮೈ’ ಎಂದೂ, ‘ಕ ಎಂಬವನಿಗೆ’ ಎಂಬ ನಾಮಪದಕ್ಕೆ ‘ಕಾಯ’ ಎಂದೂ ಆಗುತ್ತದೆ. ಪಾಣಿನಿ ಕೂಡ ‘ಕಸ್ಯೇತ್’ ಎಂಬ ಒಂದು ಸೂತ್ರವನ್ನೇ ಇದಕ್ಕಾಗಿ ಮೀಸಲಿಟ್ಟು, ಕ ದೇವತೆಗೆ ಕೊಡುವ ಹವಿಸ್ಸನ್ನು ‘ಕಾಯ’ ಎನ್ನಬೇಕೆಂದು ವಿಧಿಸಿದ. ದೇಹವೆಂಬ ಅರ್ಥದ ಕಾಯ ಬೇರೆ ಪದ. ಸರ್ವನಾಮ ಯಾವುದು, ಹೆಸರು ಯಾವುದು ಎಂಬ ಭೇದವನ್ನು ಅರಿತೇ ಆ ಪರಂಪರೆ ‘ಕ’ವನ್ನು ಹೆಸರಾಗಿ ಬಳಸಿತೆಂಬುದಕ್ಕೆ ಇಷ್ಟು ಸಾಕು.

ಕನ್ನಡದ ಪ್ರಶ್ನಾರ್ಥಕಗಳಲ್ಲಿ ಇಂಥದ್ದು ನಡೆಯಲು ಸಾಧ್ಯವಿಲ್ಲ; ಯಾರು, ಏನು, ಎಲ್ಲಿ, ಎಂದು ಎಂಬಂತೆ ನಮ್ಮ ಪ್ರಶ್ನೆಗಳು ಯಾ, ಏ, ಎಗಳಿಂದ ಹೊರಡುತ್ತವೆ. ಕೌನ್, ಕ್ಯಾ, ಕಬ್, ಕಹಾಂ ಎನ್ನುವ ಹಿಂದಿಯಲ್ಲಿ ಸಂಸ್ಕೃತದ ಆ ‘ಕ’ ಇಂದಿಗೂ ಕೆಲಸದಲ್ಲಿದೆ.

‘ಕಂ ಬ್ರಹ್ಮ, ಖಂ ಬ್ರಹ್ಮ’ ಎಂದರೇನು?

ಇದು ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದ ಮಾತು. ಸತ್ಯಕಾಮ ಜಾಬಾಲನ ಬಳಿ ಹನ್ನೆರಡು ವರ್ಷ ಅಗ್ನಿಗಳ ಸೇವೆ ಮಾಡಿದ ಉಪಕೋಸಲನಿಗೆ ಗುರು ಉಪದೇಶ ಮಾಡದೆ ಹೊರಟುಹೋಗುತ್ತಾನೆ. ಶಿಷ್ಯ ಊಟ ಬಿಟ್ಟು ಕೂರುತ್ತಾನೆ. ಆಗ ಅಗ್ನಿಗಳೇ ಕನಿಕರಿಸಿ ‘ಪ್ರಾಣೋ ಬ್ರಹ್ಮ, ಕಂ ಬ್ರಹ್ಮ, ಖಂ ಬ್ರಹ್ಮ’ ಎಂದು ಹೇಳುತ್ತವೆ. ಪ್ರಾಣವೇನೋ ತಿಳಿಯಿತು, ಕಂ ಮತ್ತು ಖಂ ತಿಳಿಯಲಿಲ್ಲ ಎಂದು ಉಪಕೋಸಲ ಒಪ್ಪಿಕೊಳ್ಳುತ್ತಾನೆ. ಅವನಿಗೇ ತಿಳಿಯದ ಮಾತು ನಮಗೆ ತಟ್ಟನೆ ತಿಳಿಯದಿದ್ದರೆ ನಾಚಿಕೆಪಡಬೇಕಾದ್ದಿಲ್ಲ. ಯಾವುದು ಕಂ ಅದೇ ಖಂ, ಯಾವುದು ಖಂ ಅದೇ ಕಂ ಎಂಬುದು ಅಗ್ನಿಗಳ ಉತ್ತರ. ಭಾಷ್ಯದ ದಾರಿಯಲ್ಲಿ ಕಂ ಎಂದರೆ ಸುಖ, ಖಂ ಎಂದರೆ ಆಕಾಶ. ಆಕಾಶದೊಡನೆ ಸೇರಿದ್ದರಿಂದ ಅದು ಇಂದ್ರಿಯಗಳ ಅಲ್ಪಸುಖವಲ್ಲವೆಂದೂ, ಸುಖದೊಡನೆ ಸೇರಿದ್ದರಿಂದ ಇದು ಬರಿಯ ಜಡ ಆಕಾಶವಲ್ಲವೆಂದೂ ಎರಡು ಪದಗಳು ಒಂದನ್ನೊಂದು ತಿದ್ದುತ್ತವೆ.

ಸಂಗೀತದವರು ‘ಕ’ ಎಂದರೆ ಒಂದು ಎನ್ನುತ್ತಾರಲ್ಲ, ಅದು ಹೇಗೆ?

ಅದು ಕಟಪಯಾದಿ ಪದ್ಧತಿ. ಕ, ಟ, ಪ, ಯ ಎಂಬ ನಾಲ್ಕು ಅಕ್ಷರಗಳಿಂದ ಎಣಿಕೆ ಹೊರಡುವುದರಿಂದ ಈ ಹೆಸರು ಬಂದಿದೆ. ಕ ಒಂದು, ಖ ಎರಡು ಎಂದು ಸಾಗಿ ಝ ಒಂಬತ್ತು, ಞ ಸೊನ್ನೆ. ಟ ಒಂದರಿಂದ ಧ ಒಂಬತ್ತರವರೆಗೆ ಹೋಗಿ ನ ಸೊನ್ನೆ. ಪ ಒಂದರಿಂದ ಮ ಐದರವರೆಗೆ. ಯ ಒಂದರಿಂದ ಹ ಎಂಟರವರೆಗೆ. ಸ್ವರ ಯಾವುದಾದರೂ ಲೆಕ್ಕಕ್ಕಿಲ್ಲವಾದ್ದರಿಂದ ಕ, ಕಾ, ಕೀ, ಕೋ ಎಲ್ಲವೂ ಒಂದೇ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ತಿರುಗಿಸಿ ಓದಬೇಕು. ಕೇರಳದ ಗಣಿತಜ್ಞರು ಮತ್ತು ಜ್ಯೋತಿಷಿಗಳು ದೊಡ್ಡ ದೊಡ್ಡ ಸಂಖ್ಯೆಗಳನ್ನು ಶ್ಲೋಕದಲ್ಲಿ ಹೊಸೆಯಲು ಇದನ್ನು ವಿಶೇಷವಾಗಿ ಬಳಸಿದರು.

ಕರ್ನಾಟಕ ಸಂಗೀತದ 72 ಮೇಳಕರ್ತಗಳ ಹೆಸರುಗಳಲ್ಲಿ ಮೊದಲ ಎರಡು ಅಕ್ಷರಗಳು ಆ ಮೇಳದ ಸಂಖ್ಯೆಯನ್ನು ಹೇಳುತ್ತವೆ. ಕನಕಾಂಗಿ: ಕ ಒಂದು, ನ ಸೊನ್ನೆ, ತಿರುಗಿಸಿದರೆ 01, ಅಂದರೆ ಮೊದಲ ಮೇಳ. ಹೆಸರು ‘ಕ’ದಿಂದ ಆರಂಭವಾದರೆ ಆ ಮೇಳದ ಸಂಖ್ಯೆಯ ಕೊನೆಯ ಅಂಕಿ ಒಂದೇ ಆಗಿರಬೇಕು. ಹಾಗೆಯೇ ಇದೆ: ಕನಕಾಂಗಿ 1, ಕೋಕಿಲಪ್ರಿಯ 11, ಕೀರವಾಣಿ 21, ಕಾಮವರ್ಧಿನಿ 51, ಕಾಂತಾಮಣಿ 61, ಕೋಸಲ 71. ನಡುವೆ ಬಿಟ್ಟುಹೋದ 31 ಮತ್ತು 41 ಯಾಗಪ್ರಿಯ ಮತ್ತು ಪಾವನಿಗೆ ಸೇರಿವೆ. ಯ ಮತ್ತು ಪ ಕೂಡ ಒಂದೇ ಆದ್ದರಿಂದ ಅಲ್ಲಿಯೂ ಲೆಕ್ಕ ಕೆಡುವುದಿಲ್ಲ.

ಕಲ್ಯಾಣಿ ‘ಕ’ದಿಂದ ಆರಂಭವಾದರೂ 65ನೇ ಮೇಳವಾದದ್ದು ಹೇಗೆ?

ಮೇಳಕರ್ತದ ಪಟ್ಟಿಯಲ್ಲಿ ಅದರ ಹೆಸರು ಕಲ್ಯಾಣಿಯಲ್ಲ, ಮೇಚಕಲ್ಯಾಣಿ. ಮ ಐದು, ಚ ಆರು, ತಿರುಗಿಸಿದರೆ 65. ಬರಿಯ ಕಲ್ಯಾಣಿಯನ್ನೇ ಲೆಕ್ಕಕ್ಕೆ ಹಿಡಿದರೆ, ಒತ್ತಕ್ಷರದಲ್ಲಿ ಕೊನೆಯ ವ್ಯಂಜನವನ್ನು ಎಣಿಸುವ ಸಾಮಾನ್ಯ ನಿಯಮದಂತೆ ಕ ಒಂದು, ಯ ಒಂದು ಆಗಿ 11 ಬರುತ್ತಿತ್ತು, ಅದು ಕೋಕಿಲಪ್ರಿಯದ ಸ್ಥಾನ. ಶಂಕರಾಭರಣಕ್ಕೆ ‘ಧೀರ’ ಎಂಬ ಪೂರ್ವಪದ ಸೇರಿ 29 ಆದದ್ದೂ ಇದೇ ಕಾರಣಕ್ಕೆ. ರಾಗಗಳು ಹಳೆಯವು, ಎಣಿಕೆಗಾಗಿ ಅಂಟಿಸಿದ ಅಕ್ಷರಗಳು ಹೊಸವು. ಆದ್ದರಿಂದ ‘ಮೇಚ’ದಲ್ಲಿ ರಾಗದ ಭಾವವನ್ನು ಹುಡುಕುವುದು ವ್ಯರ್ಥ.

ಒತ್ತಕ್ಷರದ ನಿಯಮಕ್ಕೆ ಅಪವಾದಗಳೂ ಇವೆ, ಅವುಗಳಲ್ಲೊಂದು ನಮ್ಮ ‘ಕ’ಕ್ಕೇ ಸಂಬಂಧಿಸಿದ್ದು. ಚಕ್ರವಾಕದಲ್ಲಿ ಚ ಆರು. ‘ಕ್ರ’ದಲ್ಲಿ ಕೊನೆಯ ವ್ಯಂಜನವಾದ ರಕಾರವನ್ನು ಎಣಿಸಿದರೆ ಎರಡು ಬಂದು ಮೇಳ 26 ಆಗಬೇಕು. ಆದರೆ ಅದು 16ನೇ ಮೇಳ, ಅಂದರೆ ಇಲ್ಲಿ ಮೊದಲ ವ್ಯಂಜನವಾದ ಕಕಾರವನ್ನೇ ಎಣಿಸಿದ್ದಾರೆ. ದಿವ್ಯಮಣಿ (48) ಮತ್ತು ವಿಶ್ವಂಭರಿ (54) ಕೂಡ ಹೀಗೆ ಮೊದಲ ವ್ಯಂಜನದ ಲೆಕ್ಕದಲ್ಲಿ ಹೋಗುತ್ತವೆ, ರತ್ನಾಂಗಿ (2) ಮತ್ತು ಷಣ್ಮುಖಪ್ರಿಯ (56) ಕೊನೆಯ ವ್ಯಂಜನದ ಲೆಕ್ಕದಲ್ಲಿ. ವಿದ್ಯಾರ್ಥಿಗಳು ಈ ಕೆಲವನ್ನು ಬಾಯಿಪಾಠ ಮಾಡಿಕೊಳ್ಳುವುದೇ ಸುಲಭ.

ಆರ್ಯಭಟನ ‘ಕ’ವೂ ಒಂದೇ ತಾನೆ? ಎರಡೂ ಒಂದೇ ಪದ್ಧತಿಯೇ?

ಎರಡರಲ್ಲಿಯೂ ‘ಕ’ ಒಂದು ಎಂಬುದು ನಿಜವಾದರೂ ಪದ್ಧತಿಗಳು ಬೇರೆ. ಕ್ರಿ.ಶ. 499ರ ಕಾಲದ ಆರ್ಯಭಟೀಯದಲ್ಲಿ ಕ ಒಂದರಿಂದ ಮ ಇಪ್ಪತ್ತೈದರವರೆಗೆ ಎಣಿಕೆ ಸಾಗಿ ಯ ಮೂವತ್ತಾಗುತ್ತದೆ. ಸ್ವರಗಳು ಸ್ಥಾನವನ್ನು ಹೇಳುತ್ತವೆ. ಹಾಗಾಗಿ ಅಲ್ಲಿ ‘ಕ’ ಒಂದು, ‘ಕಿ’ ನೂರು, ‘ಕು’ ಹತ್ತು ಸಾವಿರ, ‘ಕೃ’ ಹತ್ತು ಲಕ್ಷ. ಒಂದು ಮಹಾಯುಗದಲ್ಲಿ ಸೂರ್ಯನ ಸುತ್ತುಗಳ ಸಂಖ್ಯೆಯಾದ 43,20,000ವನ್ನು ಆರ್ಯಭಟ ‘ಖ್ಯುಘೃ’ ಎಂಬ ಎರಡೇ ಅಕ್ಷರಗಳಲ್ಲಿ ಹೇಳಿದ: ಖು ಇಪ್ಪತ್ತು ಸಾವಿರ, ಯು ಮೂರು ಲಕ್ಷ, ಘೃ ನಲವತ್ತು ಲಕ್ಷ. ಅಡಕದಲ್ಲಿ ಇದನ್ನು ಮೀರಿಸುವುದು ಕಷ್ಟ, ಉಚ್ಚಾರದ ಕಷ್ಟದಲ್ಲಿಯೂ ಹಾಗೆಯೇ. ಕಟಪಯಾದಿಯಲ್ಲಿ ಸ್ವರಗಳು ಸ್ವತಂತ್ರವಾಗಿರುವುದರಿಂದ ಸಂಖ್ಯೆಯನ್ನು ಅರ್ಥವುಳ್ಳ ಪದವಾಗಿ ಹೊಸೆಯಬಹುದು, ಕನಕಾಂಗಿ ಎಂಬ ಚೆಲುವಾದ ಹೆಸರು ಸಾಧ್ಯವಾದದ್ದು ಅದರಿಂದ.

ವ್ಯಾಕರಣದಲ್ಲಿ ಬರುವ ಅಕ್, ಇಕ್‌ಗಳ ‘ಕ್’ ಏನನ್ನು ಸೂಚಿಸುತ್ತದೆ?

ತಾನಾಗಿ ಏನನ್ನೂ ಸೂಚಿಸದೆ, ಎಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಹೇಳುತ್ತದೆ. ಪಾಣಿನಿಯ ವ್ಯಾಕರಣಕ್ಕೆ ವರ್ಣಗಳನ್ನು ಜೋಡಿಸಿಕೊಟ್ಟ ಹದಿನಾಲ್ಕು ಮಾಹೇಶ್ವರ ಸೂತ್ರಗಳಲ್ಲಿ ಎರಡನೆಯದು ‘ಋಲೃಕ್’. ಅದರ ಕೊನೆಯ ಕಕಾರ ಗುರುತುಗಲ್ಲು. ಅಕಾರದಿಂದ ಆ ಕಲ್ಲಿನವರೆಗಿನ ಸ್ವರಗಳು ‘ಅಕ್’, ಇಕಾರದಿಂದ ಅಲ್ಲಿಯವರೆಗಿನವು ‘ಇಕ್’. ಕನ್ನಡ ಶಾಲೆಗಳಲ್ಲಿ ಕಲಿಯುವ ಸವರ್ಣದೀರ್ಘ ಸಂಧಿ (ರವಿ, ಇಂದ್ರ ಸೇರಿ ರವೀಂದ್ರ) ‘ಅಕಃ ಸವರ್ಣೇ ದೀರ್ಘಃ’ ಎಂಬ ಸೂತ್ರದ್ದು; ಯಣ್ ಸಂಧಿ (ಅತಿ, ಅಂತ ಸೇರಿ ಅತ್ಯಂತ) ‘ಇಕೋ ಯಣಚಿ’ ಎಂಬ ಸೂತ್ರದ್ದು.

ಪಾಣಿನಿಯಲ್ಲಿ ಕಕಾರಕ್ಕೆ ಇನ್ನೆರಡು ಕೆಲಸಗಳಿವೆ. ಪ್ರತ್ಯಯಕ್ಕೆ ಕಕಾರ ಅಂಟಿದ್ದರೆ ಧಾತುವಿನ ಸ್ವರಕ್ಕೆ ಗುಣವೃದ್ಧಿಗಳು (ಇ ಎಂಬುದು ಏ, ಐ ಆಗುವಂತಹ ಮಾರ್ಪಾಡುಗಳು) ಆಗಬಾರದೆಂಬ ತಡೆ ಅದು. ‘ಕ್ತ’ ಪ್ರತ್ಯಯದಲ್ಲಿ ಉಳಿಯುವುದು ತಕಾರ ಮಾತ್ರ, ಕಕಾರ ಎಚ್ಚರಿಕೆ ಕೊಟ್ಟು ಹೊರಟುಹೋಗುತ್ತದೆ. ಆದ್ದರಿಂದಲೇ ಕೃತ, ಜಿತ, ನೀತ, ಶ್ರುತ ಎಂಬಲ್ಲಿ ಧಾತುವಿನ ಸ್ವರ ಹಾಗೆಯೇ ಉಳಿದು, ಆ ಕಕಾರವಿಲ್ಲದ ‘ತೃ’ ಪ್ರತ್ಯಯ ಸೇರಿದಾಗ ಕರ್ತೃ, ಜೇತೃ, ನೇತೃ, ಶ್ರೋತೃ ಎಂದು ಬದಲಾಗುತ್ತದೆ. ವಿಜಿತ ಮತ್ತು ವಿಜೇತ ಎಂಬ ಪದಗಳನ್ನು ಒಂದರ ಬದಲು ಒಂದು ಬರೆಯುವ ಪತ್ರಿಕೆಗಳು ಕಾಣದ ಆ ಕಕಾರವನ್ನು ನೆನೆದರೆ ಸಾಕು, ಗೆಲ್ಲಲ್ಪಟ್ಟವನು ಮತ್ತು ಗೆದ್ದವನು ಬೇರೆಯಾಗುತ್ತಾರೆ.

ಎರಡನೆಯ ಕೆಲಸ ಜಾಗ ತೋರಿಸುವುದು. ಟಕಾರದ ಗುರುತಿರುವ ಆಗಮ (ಹೊಸದಾಗಿ ಬಂದು ಸೇರುವ ಅಕ್ಷರ) ಪದದ ಮೊದಲಿಗೂ ಕಕಾರದ ಗುರುತಿರುವ ಆಗಮ ಕೊನೆಗೂ ಬರಬೇಕೆಂದು ‘ಆದ್ಯಂತೌ ಟಕಿತೌ’ ಎಂಬ ಸೂತ್ರ ಹೇಳುತ್ತದೆ. ಇಂದ್ರಜಿತ್ ಎಂಬಲ್ಲಿ ‘ಜಿ’ ಧಾತುವಿಗೆ ಕೊನೆಯಲ್ಲಿ ಸೇರಿದ ತಕಾರ ‘ತುಕ್’ ಎಂಬ ಆಗಮದ್ದು. ಅದು ಕೊನೆಗೇ ಹೋಗಿ ಕುಳಿತದ್ದು ‘ತುಕ್’ನ ಕಕಾರದ ಅಪ್ಪಣೆಯಿಂದ. ಇವಲ್ಲದೆ ‘ಕು’ ಎಂದು ಪಾಣಿನಿ ಬರೆದರೆ ಕ, ಖ, ಗ, ಘ, ಙ ಎಂಬ ಐದೂ ಅಕ್ಷರಗಳು ಸೇರುತ್ತವೆ.

ದಶಕ, ಗಾಯಕ, ಬಾಲಕ ಎಂಬಲ್ಲಿ ಕೊನೆಗೆ ಬರುವ ‘ಕ’ ಒಂದೇ ಪ್ರತ್ಯಯವೇ?

ಅಲ್ಲ. ಪಂಚಕ, ಅಷ್ಟಕ, ದಶಕ, ಶತಕ ಎಂಬಲ್ಲಿ ‘ಕ’ ಸಂಖ್ಯೆಯನ್ನು ಗುಂಪಾಗಿಸುತ್ತದೆ. ನೂರು ಪದ್ಯಗಳ ಕಾವ್ಯಕ್ಕೆ ಶತಕವೆಂದ ಪರಂಪರೆಯ ಮಾತನ್ನು ಕ್ರಿಕೆಟ್ ವರದಿಗಾರರು ನೂರು ಓಟಗಳಿಗೆ ತಂದದ್ದು ಕನ್ನಡ ಪತ್ರಿಕೋದ್ಯಮದ ಒಳ್ಳೆಯ ಉಪಕಾರಗಳಲ್ಲೊಂದು. ಗಾಯಕ, ನಾಯಕ, ಲೇಖಕ, ಪಾಠಕ ಎಂಬಲ್ಲಿ ಇರುವುದು ‘ಕ’ವಲ್ಲ, ‘ಅಕ’. ಮಾಡುವವನೆಂಬ ಅರ್ಥದ ಬೇರೆ ಪ್ರತ್ಯಯ. ಮದುವೆಯ ಕರೆಯೋಲೆಯ ‘ಸಪತ್ನೀಕರಾಗಿ’ ಎಂಬಲ್ಲಿರುವುದು ಬಹುವ್ರೀಹಿ ಸಮಾಸದ ಕೊನೆಗೆ ಸೇರುವ ಮತ್ತೊಂದು, ಅದಕ್ಕೆ ತನ್ನದೇ ಆದ ಅರ್ಥವಿಲ್ಲ.

ಉಳಿದದ್ದು ಬಾಲಕ, ಪುತ್ರಕಗಳಲ್ಲಿ ಕಾಣುವ ‘ಕ’. ಚಿಕ್ಕದು, ಮುದ್ದಾದದ್ದು, ಕನಿಕರಕ್ಕೆ ತಕ್ಕದ್ದು, ಕೀಳಾದದ್ದು, ಯಾರದೆಂದು ತಿಳಿಯದ್ದು, ಅದರಂತೆ ಮಾಡಿದ ಪ್ರತಿಕೃತಿ ಎಂಬ ಇಷ್ಟೆಲ್ಲ ಛಾಯೆಗಳನ್ನು ಪಾಣಿನಿ ಇದಕ್ಕೆ ಕೊಡುತ್ತಾನೆ. ‘ಅಶ್ವಕ’ ಎಂದರೆ ಯಾರದೋ ಕುದುರೆಯಾಗಬಹುದು, ಕೆಲಸಕ್ಕೆ ಬಾರದ ಬಡಕಲು ಕುದುರೆಯಾಗಬಹುದು, ಮಕ್ಕಳಾಡುವ ಮರದ ಕುದುರೆಯೂ ಆಗಬಹುದು. ಪ್ರೀತಿ ಮತ್ತು ತಿರಸ್ಕಾರ ಒಂದೇ ಪ್ರತ್ಯಯದಲ್ಲಿ ಸೇರಿರುವುದು ವಿಚಿತ್ರವಲ್ಲ; ಕನ್ನಡದಲ್ಲಿ ಹೆಸರುಗಳನ್ನು ಮೊಟಕು ಮಾಡಿ ಕರೆಯುವಾಗಲೂ ಮುದ್ದೋ ಉದಾಸೀನವೋ ಎಂಬುದನ್ನು ದನಿಯೇ ಹೇಳಬೇಕಾಗುತ್ತದೆ.

ಕನ್ನಡ ಸಮಾಸಗಳಲ್ಲಿ ‘ಕ’ ಹೋಗಿ ‘ಗ’ ಬಂದರೆ ಅರ್ಥ ಬದಲಾಗುತ್ತದೆಯೇ?

ಬದಲಾಗುವುದಿಲ್ಲ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಮನೆ ಮತ್ತು ಕೆಲಸ ಸೇರಿ ಮನೆಗೆಲಸ ಆಗುವುದು ಆದೇಶ ಸಂಧಿ. ಉತ್ತರಪದದ ಮೊದಲಲ್ಲಿರುವ ಕ, ತ, ಪಗಳಿಗೆ ಗ, ದ, ಬಗಳು ಬರುತ್ತವೆ. 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಿಂದ ಇಂದಿನ ಶಾಲಾ ಪಠ್ಯದವರೆಗೆ ಈ ನಿಯಮ ಉಳಿದು ಬಂದಿದೆ. ನಿಘಂಟಿನಲ್ಲಿ ‘ಗಾಲ’ ಎಂಬುದನ್ನು ಹುಡುಕಿ ಸಿಗಲಿಲ್ಲವೆಂದು ಕೇಳುವವರು ‘ಕಾಲ’ ಎಂಬಲ್ಲಿ ನೋಡಬೇಕು.

ಪಂಚಾಂಗದಲ್ಲಿ ‘ಕ’ ಬಂದಿದೆ, ಮಗುವಿಗೆ ‘ಕ’ದಿಂದಲೇ ಹೆಸರಿಡಬೇಕೇ?

ಅವಕಹಡ ಚಕ್ರವೆಂಬ ಕೋಷ್ಟಕದಲ್ಲಿ ಒಂದೊಂದು ನಕ್ಷತ್ರದ ನಾಲ್ಕು ಪಾದಗಳಿಗೆ ನಾಲ್ಕು ಅಕ್ಷರಗಳಿವೆ. ಮೃಗಶಿರೆಗೆ ವೇ, ವೋ, ಕ, ಕಿ. ಆರ್ದ್ರೆಗೆ ಕು, ಘ, ಙ, ಛ. ಪುನರ್ವಸುವಿಗೆ ಕೇ, ಕೋ, ಹ, ಹಿ. ಆದ್ದರಿಂದ ‘ಕ’ ಎಂದರೆ ಮೃಗಶಿರೆಯ ಮೂರನೆಯ ಪಾದ, ಮಿಥುನರಾಶಿ ಎಂದಷ್ಟೇ ತಿಳಿಯಬೇಕು. ಇಲ್ಲಿ ಬ್ರಹ್ಮನೂ ಇಲ್ಲ, ನೀರೂ ಇಲ್ಲ. ಕೋಷ್ಟಕದ ತುಂಬುವಿಕೆಗಾಗಿ ಬಂದ ಅಕ್ಷರಗಳಿವು ಎಂಬುದಕ್ಕೆ ಪಕ್ಕದ ಆರ್ದ್ರೆಯ ‘ಙ’ವೇ ಸಾಕ್ಷಿ, ಆ ಅಕ್ಷರದಿಂದ ಹೆಸರಿಟ್ಟವರನ್ನು ಕಂಡವರಿಲ್ಲ. ನಂಬಿಕೆಯುಳ್ಳವರು ಪಾಲಿಸಲಿ, ನಕ್ಷತ್ರನಾಮವನ್ನು ಸಂಸ್ಕಾರಕ್ಕಷ್ಟೇ ಇಟ್ಟುಕೊಂಡು ಕರೆಯಲು ಬೇರೆ ಹೆಸರಿಡುವ ರೂಢಿಯೂ ಮನೆಮನೆಗಳಲ್ಲಿದೆ.

ಮಂತ್ರಗಳಲ್ಲಿ ‘ಕ’ಕ್ಕೆ ವಿಶೇಷ ಸ್ಥಾನವಿದೆಯೇ?

ದೇವಿಯ ಉಪಾಸನೆಯಾದ ಶ್ರೀವಿದ್ಯೆಯ ಹದಿನೈದು ಅಕ್ಷರಗಳ ಮಂತ್ರದ ಒಂದು ಸಂಪ್ರದಾಯ ‘ಕ’ದಿಂದ ಆರಂಭವಾಗುವುದರಿಂದ ಅದನ್ನು ಕಾದಿವಿದ್ಯೆ ಎನ್ನುತ್ತಾರೆ, ‘ಹ’ದಿಂದ ಆರಂಭವಾದದ್ದು ಹಾದಿವಿದ್ಯೆ. ಲಲಿತಾತ್ರಿಶತಿಯ ಮುನ್ನೂರು ನಾಮಗಳು ಆ ಹದಿನೈದು ಅಕ್ಷರಗಳಿಗೆ ಇಪ್ಪತ್ತಿಪ್ಪತ್ತರಂತೆ ಹಂಚಿಹೋಗಿವೆ. ಮೊದಲ ನಾಮವೇ ‘ಕಕಾರರೂಪಾ’. ಮಂತ್ರದಲ್ಲಿ ಕಕಾರ ಮೂರು ಸಲ ಬರುವುದರಿಂದ ಅರವತ್ತು ನಾಮಗಳು ‘ಕ’ದಿಂದ ಹೊರಡುತ್ತವೆ. ಅದರಾಚೆಯದು ಗುರುಮುಖದಿಂದ ಕೇಳಬೇಕಾದ ವಿಷಯ.

ತಾಳದ ಸೊಲ್ಲುಗಳಲ್ಲಿ, ಛಂದಸ್ಸಿನಲ್ಲಿ ‘ಕ’ ಏನು?

ತಕ, ತಕಿಟ, ತಕಧಿಮಿ ಎಂಬ ಸೊಲ್ಲುಗಳಲ್ಲಿ ಅಕ್ಷರಗಳ ಎಣಿಕೆ ಮುಖ್ಯ, ಎರಡು, ಮೂರು, ನಾಲ್ಕು ಎಂದು. ‘ಕ’ ಅಲ್ಲಿ ಒಂದು ಪೆಟ್ಟಿನ ದನಿ. ಛಂದಸ್ಸಿನ ಯ, ಮ, ತ, ರ, ಜ, ಭ, ನ, ಸ ಗಣಗಳಲ್ಲಿ ‘ಕ’ ಇಲ್ಲವೇ ಇಲ್ಲ.

ಸಂಸ್ಥೆಗಳ ಹೆಸರಿನ ‘ಕ’ ಕನ್ನಡವೋ ಕರ್ನಾಟಕವೋ?

ಸಂಸ್ಥೆಯನ್ನು ನೋಡಿ ತೀರ್ಮಾನಿಸಬೇಕು. ‘ಕ.ರಾ.ರ.ಸಾ. ನಿಗಮ’ದಲ್ಲಿ ಕರ್ನಾಟಕ, ‘ಕ.ಸಾ.ಪ.’ದಲ್ಲಿ ಕನ್ನಡ. ಆದರೆ ಪರಿಷತ್ತು 1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದಾಗ ಅದರ ಹೆಸರು ‘ಕರ್ಣಾಟಕ ಸಾಹಿತ್ಯ ಪರಿಷತ್ತು’ ಎಂದಿತ್ತು, ಮುಂದೆ ‘ಕನ್ನಡ’ವಾಯಿತು. ಸಂಕ್ಷೇಪಕ್ಕೆ ಮಾತ್ರ ಆ ಬದಲಾವಣೆ ತಟ್ಟಲೇ ಇಲ್ಲ.

ಅಕ್ಷರದ ಆಕಾರಕ್ಕೂ ಈ ಅರ್ಥಗಳಿಗೂ ಸಂಬಂಧವಿದೆಯೇ?

ಇಲ್ಲ. ಅಶೋಕನ ಬ್ರಾಹ್ಮೀ ಶಾಸನಗಳಲ್ಲಿ, ನಮ್ಮ ಮಸ್ಕಿ ಮತ್ತು ಬ್ರಹ್ಮಗಿರಿಯವೂ ಸೇರಿದಂತೆ, ‘ಕ’ ಎಂದರೆ ಅಡ್ಡಗೆರೆ ಮತ್ತು ನಿಂತ ಗೆರೆಗಳು ಕೂಡಿದ ಕೂಡಿಕೆಯ ಚಿಹ್ನೆಯಂತಹ ಆಕಾರ. ಶತಮಾನಗಳ ಬರವಣಿಗೆಯಲ್ಲಿ ಗೆರೆಗಳು ಬಾಗಿ, ತಲೆಕಟ್ಟು ಬಂದು ಇಂದಿನ ರೂಪವಾಯಿತು. ತೆಲುಗಿನ ‘ಕ’ವೂ ನಮ್ಮದರ ಹತ್ತಿರದ ನೆಂಟ. ಇಂದಿನ ಆಕಾರದಲ್ಲಿ ಶಂಖವನ್ನೋ ತಾವರೆಯನ್ನೋ ಕಾಣುವವರು ಬ್ರಾಹ್ಮಿಯ ಆ ಎರಡು ಗೆರೆಗಳಿಗೆ ಉತ್ತರ ಹೇಳಬೇಕಾಗುತ್ತದೆ.

ಏಕಾಕ್ಷರಕೋಶವನ್ನು ಹಿಡಿದು ಯಾವ ಪದವನ್ನಾದರೂ ಅಕ್ಷರ ಅಕ್ಷರವಾಗಿ ಒಡೆದು ಅರ್ಥ ಹೇಳಬಹುದೇ?

ಹೇಳಬಹುದು, ಆದರೆ ಅದು ಪದದ ಅರ್ಥವಾಗುವುದಿಲ್ಲ. ಒಂದಕ್ಷರದ ಪದಗಳಿಗೆ ಅರ್ಥ ಹೇಳುವ, ಪುರುಷೋತ್ತಮದೇವನ ಏಕಾಕ್ಷರಕೋಶದಂತಹ ಕೃತಿಗಳು ಕವಿಗಳಿಗೂ ವ್ಯಾಖ್ಯಾನಕಾರರಿಗೂ ಬಹಳ ಉಪಯೋಗಕ್ಕೆ ಬಂದವು, ಅಕ್ಷರಗಳ ಚಮತ್ಕಾರದಿಂದ ಹೊಸೆದ ಚಿತ್ರಕಾವ್ಯದಲ್ಲಂತೂ ಅಂಥ ನೆರವಿಲ್ಲದೆ ದಾರಿಯಿಲ್ಲ. ಭಾರವಿಯ ಕಿರಾತಾರ್ಜುನೀಯದ 15ನೇ ಸರ್ಗದಲ್ಲಿ ಬಹುಪಾಲು ನಕಾರವೊಂದರಿಂದಲೇ ಕಟ್ಟಿದ ಶ್ಲೋಕವಿದೆ. ಅಂಥದ್ದನ್ನು ಬಿಡಿಸಲು ಒಂದಕ್ಷರದ ಪದಗಳ ಅರ್ಥ ಗೊತ್ತಿರಲೇಬೇಕು. ಗಂಗರ ಅರಸ ದುರ್ವಿನೀತ ಆ ಸರ್ಗಕ್ಕೇ ಟೀಕೆ ಬರೆದನೆಂದು ಗಂಗರ ಶಾಸನಗಳು ಹೊಗಳುವುದು ಸುಮ್ಮನೆ ಅಲ್ಲ.

ಕವಿಯೇ ಹಾಗೆ ಹೊಸೆದ ಕಡೆ ಹಾಗೆ ಬಿಡಿಸುವುದು ಸರಿ. ‘ಕನ್ನಡ’, ‘ಕಮಲ’, ‘ಕವಿ’ ಎಂಬ ಪದಗಳನ್ನು ತೆಗೆದುಕೊಂಡು ‘ಕ ಎಂದರೆ ಬ್ರಹ್ಮ’ ಎಂದು ಹೊರಟರೆ ಯಾವ ಪದದಿಂದ ಯಾವ ಅರ್ಥವನ್ನಾದರೂ ಹೊರಡಿಸಬಹುದು, ಬೈಗುಳದಿಂದ ವೇದಾಂತವನ್ನೂ ಹೊರಡಿಸಬಹುದು. ಒಂದು ಪದದ ಒಳಗಿನ ‘ಕ’ ಬೇರೆ ಪದವೇ ಹೌದೋ ಎಂದು ತಿಳಿಯಲು ಎರಡು ಪರೀಕ್ಷೆಗಳು ಸಾಕು: ಅದನ್ನು ತೆಗೆದಿಟ್ಟರೆ ಉಳಿದ ಭಾಗ ಅರ್ಥವುಳ್ಳ ಪದವಾಗಿ ನಿಲ್ಲಬೇಕು, ಮತ್ತು ಅದರ ಜಾಗದಲ್ಲಿ ಸಮಾನಾರ್ಥಕ ಪದವನ್ನಿಟ್ಟರೆ ಅರ್ಥ ಕೆಡಬಾರದು. ಕಂಜದಲ್ಲಿ ‘ಕಂ’ ತೆಗೆದು ‘ಅಂಬು’ ಇಟ್ಟರೆ ಅಂಬುಜ, ಅದೇ ತಾವರೆ. ‘ಕವಿ’ಯಲ್ಲಿ ‘ಕ’ ತೆಗೆದರೆ ಉಳಿಯುವ ‘ವಿ’ ಹಕ್ಕಿಯೆಂಬ ಪದವೇ ಆದರೂ, ‘ಬ್ರಹ್ಮವಿ’ ಎಂಬುದು ಯಾರ ಬಾಯಲ್ಲೂ ಕವಿಯಾಗುವುದಿಲ್ಲ.

ಇನ್ನೂ ಹೆಚ್ಚಿಗೆ ತಿಳಿಯಲು ಯಾವ ನಿಘಂಟಿನಲ್ಲಿ ನೋಡಬೇಕು?

ಸಂಸ್ಕೃತದ ಅರ್ಥಗಳಿಗೆ ಅಮರಕೋಶದ ನಾನಾರ್ಥವರ್ಗವನ್ನು ಯಾವುದಾದರೊಂದು ಕನ್ನಡ ಟೀಕೆಯೊಡನೆ ಓದುವುದು ಮೊದಲ ಹೆಜ್ಜೆ. ಕನ್ನಡದ ಬಳಕೆಗೆ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಇವೆ. ‘ಕ’ ಎಂಬ ತಲೆಪದವನ್ನು ನೋಡಿದ ಮೇಲೆ ‘ಕಂ’, ‘ಕಂಜ’, ‘ಕಂಧರ’, ‘ನಾಕ’ ಎಂಬ ತಲೆಪದಗಳನ್ನೂ ತಪ್ಪದೆ ತೆರೆದು ನೋಡಬೇಕು, ಏಕೆಂದರೆ ಈ ಅಕ್ಷರದ ಕನ್ನಡದ ಬಾಳುವೆಯೆಲ್ಲ ಹೆಚ್ಚಾಗಿ ಆ ಸಮಾಸಗಳಲ್ಲೇ ಹರಡಿದೆ.